ಕರ್ನಾಟಕದಲ್ಲಿ ಅರಸುಮಕ್ಕಳ ಶಿಕ್ಷಣ

ಕರ್ನಾಟಕದಲ್ಲಿ ಅರಸುಮಕ್ಕಳ ಶಿಕ್ಷಣ ಎಂಬುದು ಕನ್ನಡ ನಾಡಿನ ಸಂಸ್ಥಾನಗಳಲ್ಲಿ ಪಟ್ಟಕ್ಕೆ ಬರಬೇಕಾದ ಬಾಲಕರಿಗೂ ಅರಸು ಮನೆತನಗಳ ಇತರ ಮಕ್ಕಳಿಗೂ ದೊರೆತ ವಿದ್ಯಾಭ್ಯಾಸದ ಇತಿಹಾಸವನ್ನು ಕುರಿತದ್ದಾಗಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಈ ಶಿಕ್ಷಣವು ಅರಮನೆಯೊಳಗೆ, ಗುರುವೊಬ್ಬನ ಮುಂದೆ ಶಿಷ್ಯನೊಬ್ಬನು ಕುಳಿತು ಕಲಿಯುವ ಕ್ರಮದಲ್ಲಿಯೇ ನಡೆದುಬಂದಿತ್ತು. ಅನಂತರ ಮೈಸೂರಿನ ರಾಯಲ್ ಸ್ಕೂಲ್, ಅಲ್ಲಿಯ ಚಾಮರಾಜೇಂದ್ರ ಅರಸು ಬೋರ್ಡಿಂಗ್ ಶಾಲೆ, ಹೈದರಾಬಾದಿನ ಜಾಗೀರ್ದಾರ್ ಕಾಲೇಜು ಮುಂತಾದ ಸಂಸ್ಥೆಗಳು ಹುಟ್ಟಿಕೊಂಡು, ರಾಜಕುಮಾರನು ಇತರ ಹುಡುಗರ ಪಕ್ಕದಲ್ಲಿ ಕುಳಿತು ಓದುವ ಪದ್ಧತಿ ಬಂದಿತು. ಇಂಗ್ಲೆಂಡಿನ ರಾಜಮನೆತನದ ಮಕ್ಕಳು ಓದುವ ಲಂಡನ್ನಿನ ಖಾಸಗಿ ಪ್ರಿಪರೇಟರಿ ಶಾಲೆಗಳೊಂದಿಗೆ ಈ ಸಂಸ್ಥೆಗಳನ್ನು ಹೋಲಿಸುವುದುಂಟು. ಆದರೆ ಸಿಂಹಾಸನದ ಉತ್ತರಾಧಿಕಾರಿಯನ್ನು ತರಗತಿಯಲ್ಲಿ ಕೂರಿಸಿದ ವಿಷಯದಲ್ಲಿ ಮೈಸೂರು ಲಂಡನ್ನಿಗಿಂತ ಸುಮಾರು ಎಂಟು ದಶಕಗಳಷ್ಟು ಮುಂದಿತ್ತು.

'ಅರಸು' ಎಂಬ ಪದಕ್ಕೆ ಇಲ್ಲಿ ಎರಡು ಅರ್ಥಗಳಿವೆ. ಸಾಮಾನ್ಯವಾಗಿ ಅದು ರಾಜನನ್ನು ಸೂಚಿಸುತ್ತದೆ. ಮೈಸೂರು ಸೀಮೆಯಲ್ಲಿ ಅದು ಒಡೆಯರ ವಂಶದೊಡನೆ ಕೊಳುಕೊಡೆಯ ಸಂಬಂಧವುಳ್ಳ ಸಮುದಾಯದ ಹೆಸರೂ ಆಗಿದೆ.

ಹಿನ್ನೆಲೆ

ರಾಜಪುತ್ರನು ಏನನ್ನು ಕಲಿಯಬೇಕು ಎಂಬ ವಿಚಾರ ಕನ್ನಡ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಅರಸನಾದವನು ತಿಳಿದಿರಬೇಕಾದ ರಾಜನೀತಿ, ಆನೆ ಕುದುರೆಗಳ ಪರೀಕ್ಷೆ, ವೈದ್ಯ, ಅಡುಗೆ, ಸಂಗೀತ, ಕ್ರೀಡೆ ಮೊದಲಾದ ಸಂಗತಿಗಳನ್ನು ಒಂದೆಡೆ ಸೇರಿಸಿದ ವಿಶ್ವಕೋಶ. ಮುಂದಿನ ಕಾಲದ ಪಾಳೆಯಗಾರರ ಮತ್ತು ನಾಯಕರ ಮನೆಗಳಲ್ಲಿ ಅಷ್ಟು ವಿಸ್ತಾರವಾದ ಪಾಠಕ್ರಮ ಇರಲಿಲ್ಲ. ಅಕ್ಷರಾಭ್ಯಾಸ, ಲೆಕ್ಕ, ಪುರಾಣಶ್ರವಣ, ಗರಡಿ, ಕುದುರೆ ಸವಾರಿ, ಬೇಟೆ ಇವಿಷ್ಟೇ ಬಾಲಕನ ವಿದ್ಯೆ. ಉಳಿದದ್ದನ್ನು ಅವನು ದರ್ಬಾರಿನಲ್ಲಿ ಹಿರಿಯರ ಬಳಿ ಕುಳಿತು ನೋಡಿ ಕಲಿಯಬೇಕಾಗಿತ್ತು.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಪ್ರದೇಶದಲ್ಲಿಯೂ ಅದರ ನೆರೆಯಲ್ಲಿಯೂ ಇಂತಹ ಸಣ್ಣ ಸಂಸ್ಥಾನಗಳು ಹಲವು ಇದ್ದವು. ಕೃಷ್ಣೆಯ ದಕ್ಷಿಣಕ್ಕೆ, ಇಂದಿನ ಲಿಂಗಸುಗೂರು ತಾಲ್ಲೂಕಿನಲ್ಲಿರುವ ಗುರುಗುಂಟಾ ಒಂದು ನಾಯಕ ಸಂಸ್ಥಾನ. ಹೊಳೆಯ ಉತ್ತರಕ್ಕೆ, ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರವು ಆ ಭಾಗದ ನಾಯಕ ಸಂಸ್ಥಾನಗಳಲ್ಲಿ ಪ್ರಬಲವಾದದ್ದು. ಇವೆಲ್ಲವೂ ಹೈದರಾಬಾದಿನ ನಿಜಾಮರ ಮೇಲಧಿಕಾರಕ್ಕೆ ಒಳಪಟ್ಟಿದ್ದವು. ಅರಮನೆಯ ಬಾಲಕನೊಬ್ಬನ ಶಿಕ್ಷಣದ ಹೊಣೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಕಾಲದ ಇಂಗ್ಲಿಷ್ ಅಧಿಕಾರಿಯೊಬ್ಬನು ಹೊತ್ತ, ಅತ್ಯಂತ ವಿವರವಾಗಿ ದಾಖಲಾದ ಪ್ರಸಂಗ ನಡೆದದ್ದು ಈ ಸುರಪುರದಲ್ಲಿಯೇ.

ಸುರಪುರ: ಗುರುವಿದ್ದು ಶಾಲೆಯಿಲ್ಲದ ಬಾಲಕ

1840ರ ದಶಕದ ಆರಂಭದಲ್ಲಿ ಸುರಪುರದ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಅವನ ಮಗ ವೆಂಕಟಪ್ಪ ನಾಯಕನು ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ವಂಶದ ದಾಯಾದಿಗಳು ಇನ್ನೊಂದು ಕಡೆ ಅಧಿಕಾರಕ್ಕಾಗಿ ನಿಂತರು. ಸಂಸ್ಥಾನದ ಸಾಲವೂ ಬೆಳೆದಿತ್ತು. ಅದರ ವ್ಯವಹಾರಗಳನ್ನು ನೋಡಿಕೊಳ್ಳಲು 1841ರಲ್ಲಿ ಬಂದ ಫಿಲಿಪ್ ಮೆಡೋಸ್ ಟೇಲರ್ 1853ರವರೆಗೆ ಅಲ್ಲಿ ಉಳಿದನು. ಕೆರೆಗಳನ್ನು ಕಟ್ಟಿಸಿದನು, ಕಂದಾಯದ ಲೆಕ್ಕಗಳನ್ನು ಸರಿಪಡಿಸಿದನು. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆಯನ್ನು ಊರಿನವರು ಇಂದಿಗೂ 'ಟೇಲರ್ ಮಂಜಿಲ್' ಎಂದು ಕರೆಯುತ್ತಾರೆ.

ಟೇಲರನು ಸ್ವತಃ ಹೆಚ್ಚು ಶಾಲೆ ಕಂಡವನಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ವಯಸ್ಸಿನಲ್ಲಿಯೇ ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಹಡಗು ಹತ್ತಿದವನು. ಭಾಷೆಗಳನ್ನೂ ಭೂಮಾಪನವನ್ನೂ ಕಾನೂನನ್ನೂ ಸ್ವಂತ ಓದಿನಿಂದ ಕಲಿತವನು. ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಠಕ್ಕರನ್ನು ಕುರಿತ ಅವನ ಕಾದಂಬರಿ ಇಂಗ್ಲೆಂಡಿನಲ್ಲಿ ಪ್ರಸಿದ್ಧವಾಗಿತ್ತು. ಬಾಲರಾಜನಿಗೆ ವ್ಯವಸ್ಥಿತವಾದ ಶಿಕ್ಷಣ ದೊರೆಯಬೇಕೆಂಬುದು ಅವನ ಹಂಬಲ. ಬಾಲಕನು ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನೆಂದು ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆದರೆ ಹುಡುಗನು ಬೆಳೆದದ್ದು ಅಂತಃಪುರದಲ್ಲಿ. ಓರಗೆಯ ಸಹಪಾಠಿಗಳಿಲ್ಲ, ಹೊತ್ತಿಗೆ ಸರಿಯಾದ ಪಾಠವಿಲ್ಲ, ಸುತ್ತಲೂ ಇದ್ದವರು ಅವನ ಮಾತಿಗೆ ಹೌದೆನ್ನುವವರೇ.

ಈ ಚಿತ್ರಣವನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ರಾಣಿ ಈಶ್ವರಮ್ಮನ ಪಕ್ಷವೂ ಟೇಲರನ ಲೇಖನಿಯ ಮೂಲಕವೇ ನಮಗೆ ತಲುಪಿದೆ. ಪತಿಯನ್ನು ಕಳೆದುಕೊಂಡು, ದಾಯಾದಿಗಳ ನಡುವೆ ಒಬ್ಬನೇ ಮಗನನ್ನು ಉಳಿಸಿಕೊಳ್ಳಬೇಕಾಗಿದ್ದ ತಾಯಿಯು ಅವನನ್ನು ಪರಕೀಯ ಅಧಿಕಾರಿಯ ಕೈಗೆ ಪೂರ್ತಿಯಾಗಿ ಒಪ್ಪಿಸದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ವಿದ್ಯೆ ಮತ್ತು ಅಧಿಕಾರ ಅಲ್ಲಿ ಒಂದೇ ಗಂಟಿನಲ್ಲಿ ಬಂದಿದ್ದವು.

1853ರಲ್ಲಿ ವೆಂಕಟಪ್ಪ ನಾಯಕನು ವಯಸ್ಕನಾದನು, ಟೇಲರನು ಸುರಪುರವನ್ನು ಬಿಟ್ಟನು. ಅದೇ ವರ್ಷ ರಾಯಚೂರು ದೋಆಬ್ ಕಂಪನಿಯ ಆಡಳಿತಕ್ಕೆ ಹೋಯಿತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಸಂಸ್ಥಾನದ ಸಾಲ ಮತ್ತೆ ಏರಿತು. 1857ರ ಹೋರಾಟದ ಕಿಡಿ ಸುರಪುರವನ್ನು ತಲುಪಿದಾಗ ತರುಣ ರಾಜನು ಕಂಪನಿಗೆ ಎದುರಾಗಿ ನಿಂತನು. 1858ರ ಫೆಬ್ರುವರಿಯಲ್ಲಿ ಲಿಂಗಸುಗೂರಿನ ದಂಡಿನಿಂದ ಹೊರಟ ಸೈನ್ಯಕ್ಕೂ ಸುರಪುರದ ಬೇಡರ ಪಡೆಗೂ ಕಾಳಗ ನಡೆದು, ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿಯು ಮಡಿದನು. ರಾಜನು ಹೈದರಾಬಾದಿಗೆ ಹೋದನು. ಅಲ್ಲಿ ಸೆರೆಯಾಗಿ ವಿಚಾರಣೆಗೆ ಒಳಗಾದನು. ಮರಣದಂಡನೆಯು ಜೀವಾವಧಿಗೆ ಇಳಿದು, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕೆ ಬಂದು ನಿಂತಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿಯೇ, 1858ರ ಮೇ ತಿಂಗಳಲ್ಲಿ, ಗುಂಡೇಟಿನಿಂದ ಅವನ ಪ್ರಾಣ ಹೋಯಿತು. ಆಗ ಅವನ ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ಟೇಲರನು ಸೆರೆಮನೆಯಲ್ಲಿ ಅವನನ್ನು ಭೇಟಿಯಾಗಿದ್ದನು. ಪ್ರೇರೇಪಿಸಿದವರ ಹೆಸರುಗಳನ್ನು ಹೇಳಿ ಶಿಕ್ಷೆಯಿಂದ ಪಾರಾಗಲು ಶಿಷ್ಯನು ಒಪ್ಪಲಿಲ್ಲವೆಂಬುದನ್ನು ಗುರುವೇ ದಾಖಲಿಸಿದ್ದಾನೆ. ಗುರುವಿನ ಆತ್ಮಕಥೆ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ ಪ್ರಕಟವಾಯಿತು. ಸುರಪುರ ಸಂಸ್ಥಾನವು ಕೊನೆಗೊಂಡು ಆ ಪ್ರದೇಶ 1860ರ ಒಪ್ಪಂದದಂತೆ ನಿಜಾಮರಿಗೆ ಸೇರಿತು.

ಮೈಸೂರಿನ ರಾಯಲ್ ಸ್ಕೂಲ್

ಸುರಪುರದ ಘಟನೆಯಾಗಿ ಹತ್ತು ವರ್ಷ ತುಂಬುವಷ್ಟರಲ್ಲಿ ಮೈಸೂರಿನಲ್ಲಿ ಇದೇ ಪ್ರಶ್ನೆ ಇನ್ನೂ ದೊಡ್ಡ ರೂಪದಲ್ಲಿ ಎದುರಾಯಿತು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡಿದ್ದರು. ಮುಮ್ಮಡಿಯವರು ಆಡಳಿತ ಕಳೆದುಕೊಂಡ ಮೇಲೂ ವಿದ್ಯೆಯ ಪೋಷಣೆಯನ್ನು ಬಿಡಲಿಲ್ಲ. 1833ರಲ್ಲಿ ಅವರು ಮೈಸೂರಿನಲ್ಲಿ ತೆರೆದ 'ರಾಜಾಸ್ ಫ್ರೀ ಸ್ಕೂಲ್' ಎಂಬ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ಅವರಿಗೆ ಪಟ್ಟಕ್ಕೆ ಬರಬಲ್ಲ ಮಗನಿರಲಿಲ್ಲ. ಬೆಟ್ಟದಕೋಟೆ ಅರಸು ಮನೆತನದ ಚಿಕ್ಕ ಕೃಷ್ಣರಾಜ ಅರಸರ ಮಗನನ್ನು, ಎರಡು ವರ್ಷ ಕೆಲವು ತಿಂಗಳ ಕೂಸನ್ನು, 1865ರ ಜೂನ್ 18ರಂದು ದತ್ತು ತೆಗೆದುಕೊಂಡರು. ಈ ದತ್ತನ್ನು ಬ್ರಿಟಿಷ್ ಸರ್ಕಾರ ಮೊದಲು ಒಪ್ಪಲಿಲ್ಲ. ಕೊನೆಗೆ 1867ರ ಏಪ್ರಿಲ್‌ನಲ್ಲಿ ಲಂಡನ್ನಿನಿಂದ ಭಾರತ ಕಾರ್ಯದರ್ಶಿ ಸರ್ ಸ್ಟಾಫರ್ಡ್ ನಾರ್ಥ್‌ಕೋಟ್ ಕಳುಹಿಸಿದ ನಿರೂಪವು ದತ್ತನ್ನು ಮಾನ್ಯ ಮಾಡಿತು. ಬಾಲಕನಿಗೆ ಅವನ ಸ್ಥಾನಕ್ಕೆ ತಕ್ಕ ಶಿಕ್ಷಣ ಕೊಡಿಸಬೇಕು, ವಯಸ್ಕನಾದಾಗ ಅವನು ಯೋಗ್ಯನೆಂದು ಕಂಡುಬಂದರೆ ರಾಜ್ಯವನ್ನು ಮರಳಿಸಬಹುದು ಎಂಬುದು ಅದರ ಸಾರ.

ಈ ಷರತ್ತಿನ ಭಾರವನ್ನು ಗಮನಿಸಬೇಕು. ಪ್ರಪಂಚದ ಬಹುತೇಕ ರಾಜಕುಮಾರರು ಓದಿದರೂ ಓದದಿದ್ದರೂ ಪಟ್ಟ ತಪ್ಪುತ್ತಿರಲಿಲ್ಲ. ಮೈಸೂರಿನ ಈ ಬಾಲಕನ ಓದಿನ ಮೇಲೆ ಮಾತ್ರ ಒಂದು ರಾಜ್ಯದ ಭವಿಷ್ಯವೇ ನಿಂತಿತ್ತು.

ಮುಮ್ಮಡಿಯವರು 1868ರ ಮಾರ್ಚ್ 27ರಂದು ನಿಧನರಾದರು. ಐದೂವರೆ ವರ್ಷದ ಚಾಮರಾಜೇಂದ್ರ ಒಡೆಯರಿಗೆ ಅದೇ ಸೆಪ್ಟೆಂಬರ್ 23ರಂದು ಪಟ್ಟವಾಯಿತು. 1869ರಲ್ಲಿ ಕರ್ನಲ್ ಜಾರ್ಜ್ ಬ್ರೂಸ್ ಮ್ಯಾಲೆಸನ್ ಅವರ ಪಾಲಕನಾಗಿ ನೇಮಕಗೊಂಡನು. 1857ರ ಹೋರಾಟವನ್ನು ಬ್ರಿಟಿಷರ ದೃಷ್ಟಿಯಿಂದ ಚಿತ್ರಿಸಿದ ಇತಿಹಾಸಕಾರರಲ್ಲಿ ಈತ ಪ್ರಮುಖನು ಎಂಬುದು ಒಂದು ಸ್ವಾರಸ್ಯ. ಬಾಲರಾಜನಿಗಾಗಿ 'ರಾಯಲ್ ಸ್ಕೂಲ್' ಎಂಬ ಶಾಲೆ ಏರ್ಪಟ್ಟದ್ದು ಈ ಅವಧಿಯಲ್ಲಿ. ಅರಸು ಮನೆತನಗಳಿಂದಲೂ ಸಂಸ್ಥಾನದ ಇತರ ಗಣ್ಯ ಕುಟುಂಬಗಳಿಂದಲೂ ಆಯ್ದ, ಸರಿಸುಮಾರು ಅದೇ ವಯಸ್ಸಿನ ಹುಡುಗರು ಅವರ ಸಹಪಾಠಿಗಳಾದರು. ಅಂತಃಪುರದ ಗದ್ದಲದಿಂದ ದೂರವಿರಲೆಂದು, ಕೋಟೆಯ ಹೊರಗೆ ಮುಮ್ಮಡಿಯವರು ಬೇಸಿಗೆಯ ಬಿಡಾರಕ್ಕಾಗಿ ಕಟ್ಟಿಸಿದ್ದ ಲೋಕರಂಜನ ಮಹಲು ರಾಜಮನೆತನದ ಮಕ್ಕಳ ಪಾಠಶಾಲೆಯಾಯಿತು. ಇಂಗ್ಲಿಷ್, ಗಣಿತ, ಭೂಗೋಳ, ಇತಿಹಾಸಗಳ ಜೊತೆಗೆ ಕನ್ನಡ, ಕುದುರೆ ಸವಾರಿ, ಆಟಗಳೂ ಇದ್ದವು. ಆಟದ ಬಯಲಿನಲ್ಲಿ ಸೋಲುವುದನ್ನು ಕಲಿಯಲು ಎದುರಾಳಿ ಬೇಕು. ಸುರಪುರದ ಬಾಲಕನಿಗೆ ದೊರೆಯದೆ ಹೋದದ್ದು ಅದೇ.

ಈ ವ್ಯವಸ್ಥೆಯ ಇನ್ನೊಂದು ಮುಖವೂ ಇದೆ. ಪಾಲಕನನ್ನು ನೇಮಿಸುವವರು ಬ್ರಿಟಿಷರು, ಯೋಗ್ಯತೆಯ ತೀರ್ಪು ಕೊಡುವವರೂ ಅವರೇ. ತಮ್ಮ ಮಾತು ಮೀರದ ಅರಸನನ್ನು ತಯಾರಿಸುವುದು ಆ ಶಿಕ್ಷಣದ ಉದ್ದೇಶಗಳಲ್ಲಿ ಒಂದಾಗಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಮ್ಯಾಲೆಸನ್ನನ ಬಳಿಕ ಪಾಲಕನಾದ ಜೇಮ್ಸ್ ಗಾರ್ಡನ್ 1878ರಲ್ಲಿ ಮೈಸೂರಿನ ಚೀಫ್ ಕಮಿಷನರನೂ ಆಗಿ, 1881ರಲ್ಲಿ ರಾಜ್ಯ ಮರಳಿದ ಮೇಲೆ ಮೊದಲ ರೆಸಿಡೆಂಟನಾಗಿ ಮುಂದುವರಿದದ್ದು ಇದಕ್ಕೆ ನಿದರ್ಶನ.

1881ರ ಮಾರ್ಚ್ 25ರಂದು, ಹದಿನೆಂಟು ತುಂಬಿದ ಚಾಮರಾಜೇಂದ್ರ ಒಡೆಯರ ಕೈಗೆ ಅರ್ಧ ಶತಮಾನದ ಬಳಿಕ ಮೈಸೂರು ಮರಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಸಲಹೆಯಂತೆ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಮಹಾರಾಜರಿಗೆ ಸಂಗೀತ ನಾಟಕಗಳಲ್ಲಿಯೂ ಅಭಿರುಚಿಯಿತ್ತು. ಅವರ ಆಶ್ರಯದಲ್ಲಿ ಅರಮನೆಯ ನಾಟಕ ಕಂಪನಿ ಬೆಳೆಯಿತು, 'ಅಭಿನವ ಕಾಳಿದಾಸ' ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. 1892ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯವು ಅವರ ಹಳೆಯ ಪಾಠಶಾಲೆಯ, ಅಂದರೆ ಲೋಕರಂಜನ ಮಹಲಿನ, ಆವರಣದ ಹತ್ತು ಎಕರೆ ಜಾಗದಲ್ಲಿ ಮೈದಳೆಯಿತು. 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಅವರು ಗಂಟಲುಮಾರಿ ರೋಗದಿಂದ ತೀರಿಕೊಂಡಾಗ ಅವರಿಗೆ ಮೂವತ್ತೊಂದೇ ವರ್ಷ.

ಧಾರವಾಡ ಮತ್ತು ಸ್ಟುವರ್ಟ್ ಫ್ರೇಜರ್

ಮೈಸೂರಿನ ಮುಂದಿನ ಪೀಳಿಗೆಯ ಶಿಕ್ಷಣವನ್ನು ತಿಳಿಯಲು ಮೊದಲು ಧಾರವಾಡದ ಕಡೆ ಹೊರಳಬೇಕು. ಕೊಲ್ಲಾಪುರದ ಛತ್ರಪತಿ ಶಾಹೂ ಮಹಾರಾಜರು (ಜನನ 1874) ಕಾಗಲ್‌ನ ಘಾಟಗೆ ಮನೆತನದಿಂದ ದತ್ತು ಬಂದವರು. ಅವರು ಮೊದಲು ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಓದಿದರು. ಸಂಸ್ಥಾನಿಕರ ಮಕ್ಕಳಿಗಾಗಿ 1870ರಲ್ಲಿ ತೆರೆದ ಆ ಕಾಲೇಜು ಈ ಬಗೆಯ ಸಂಸ್ಥೆಗಳಲ್ಲಿ ಮೊದಲಿನದು. ಬಳಿಕ ಅಜ್ಮೀರದಲ್ಲಿ ಮೇಯೊ ಕಾಲೇಜು 1875ರಲ್ಲಿಯೂ ಲಾಹೋರಿನಲ್ಲಿ ಏಚಿಸನ್ ಕಾಲೇಜು 1886ರಲ್ಲಿಯೂ ಬಂದವು. ಮೇಯೊ ಕಾಲೇಜಿನ ಮೊದಲ ವಿದ್ಯಾರ್ಥಿ, ಅಲ್ವರಿನ ರಾಜ ಮಂಗಲಸಿಂಹನು, ಆನೆಯೇರಿ ದೊಡ್ಡ ಪರಿವಾರದೊಡನೆ ಶಾಲೆಗೆ ಬಂದನೆಂಬುದು ಪ್ರಸಿದ್ಧ.

ರಾಜಕೋಟೆಯಿಂದ ಮರಳಿದ ಶಾಹೂ ಮಹಾರಾಜರನ್ನು 1890ರ ಸುಮಾರಿಗೆ ಧಾರವಾಡದಲ್ಲಿ ಇರಿಸಲಾಯಿತು. ಅಲ್ಲಿ ಮುಂಬಯಿ ಸಿವಿಲ್ ಸೇವೆಯ ಸ್ಟುವರ್ಟ್ ಮಿಟ್‌ಫರ್ಡ್ ಫ್ರೇಜರ್ ಅವರ ಗುರು. ಭಾವನಗರದ ರಾಜಕುಮಾರ ಭಾವಸಿಂಹಜಿಯವರೂ ಅಲ್ಲಿ ಜೊತೆಗಿದ್ದರು. ಇತಿಹಾಸ, ಅರ್ಥಶಾಸ್ತ್ರ, ಆಡಳಿತದ ಪಾಠಗಳೂ ಪ್ರವಾಸಗಳೂ ನಡೆದವು. 1894ರ ಏಪ್ರಿಲ್‌ನಲ್ಲಿ ಶಾಹೂ ಮಹಾರಾಜರು ಅಧಿಕಾರ ವಹಿಸಿಕೊಂಡರು. ಎರಡು ವರ್ಷಗಳ ಬಳಿಕ ಇದೇ ಫ್ರೇಜರನು ಮೈಸೂರಿಗೆ ನೇಮಕಗೊಂಡನು.

ನಾಲ್ವಡಿಯವರ ತರಗತಿ

1884ರ ಜೂನ್ 4ರಂದು ಜನಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು ತಂದೆಯನ್ನು ಕಳೆದುಕೊಂಡಾಗ ಹತ್ತು ವರ್ಷದ ಬಾಲಕ. ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರೀಜೆಂಟರಾಗಿ ರಾಜ್ಯವನ್ನು ನೋಡಿಕೊಂಡರು. ಮಕ್ಕಳ ಓದಿನ ಮೇಲ್ವಿಚಾರಣೆಯೂ ಅವರದೇ. ಲೋಕರಂಜನ ಮಹಲಿನಲ್ಲಿ ಪಿ. ರಾಘವೇಂದ್ರರಾಯರು ನಾಲ್ವಡಿಯವರ ಆರಂಭದ ಗುರುಗಳು. ಪಾಶ್ಚಾತ್ಯ ವಿದ್ಯೆಯ ಜೊತೆಗೆ ಕನ್ನಡ, ಸಂಸ್ಕೃತ, ಕುದುರೆ ಸವಾರಿ, ಕರ್ನಾಟಕ ಮತ್ತು ಪಾಶ್ಚಾತ್ಯ ಸಂಗೀತಗಳ ಅಭ್ಯಾಸ ನಡೆಯಿತು. 1896ರಲ್ಲಿ ಫ್ರೇಜರನು ಗುರುವೂ ಪಾಲಕನೂ ಆಗಿ ಬಂದ ಮೇಲೆ ಮಹಾರಾಜರೊಡನೆ ಓದಲು ಕೆಲವು ಹುಡುಗರನ್ನು ಆರಿಸಲಾಯಿತು.

ಆ ಸಹಪಾಠಿಗಳಲ್ಲಿ ಒಬ್ಬರು ಮಿರ್ಜಾ ಇಸ್ಮಾಯಿಲ್. 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು, ಪರ್ಷಿಯಾದಿಂದ ಕುದುರೆಗಳನ್ನು ತಂದು ಮಾರುತ್ತ ಬೆಂಗಳೂರಿನಲ್ಲಿ ನೆಲೆಸಿದ ಆಗಾ ಅಲಿ ಅಸ್ಕರ್ ಅವರ ಮೊಮ್ಮಗ. ಮುಮ್ಮಡಿ ಕೃಷ್ಣರಾಜರಿಗೆ ಕುದುರೆ ಒದಗಿಸಿದವರ ಮೊಮ್ಮಗನು ನಾಲ್ವಡಿಯವರ ಪಕ್ಕದ ಮಣೆಯಲ್ಲಿ ಕುಳಿತನು. ತರಗತಿಯ ಆ ಗೆಳೆತನ ಜೀವನಪೂರ್ತಿ ಉಳಿಯಿತು. ಪದವಿಯ ಬಳಿಕ ಸಂಸ್ಥಾನದ ಸೇವೆಗೆ ಸೇರಿದ ಮಿರ್ಜಾ ಅವರು ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿ, 1926ರಿಂದ 1941ರವರೆಗೆ ದಿವಾನರಾಗಿ ಕೆಲಸ ಮಾಡಿದರು. ಬೃಂದಾವನ ಉದ್ಯಾನ ರೂಪುಗೊಂಡದ್ದು ಅವರ ಕಾಲದಲ್ಲಿ. ಮುಂದೆ ಅವರು ಜಯಪುರದ ದಿವಾನರೂ 1946-47ರಲ್ಲಿ ಹೈದರಾಬಾದಿನ ಪ್ರಧಾನಿಯೂ ಆದರು. ಅರಮನೆಯ ತರಗತಿಗೆ ಹುಡುಗರನ್ನು ಆರಿಸಿದವರು ಇಷ್ಟನ್ನು ಮುಂಗಂಡಿರಲಾರರು. ಆದರೂ ಆ ಪುಟ್ಟ ಶಾಲೆಯ ಫಲವೇನೆಂದು ಕೇಳಿದರೆ ಮೊದಲು ಹೇಳಬೇಕಾದ ಹೆಸರು ಇದೇ.

1902ರ ಆಗಸ್ಟ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟನು. ಅದಕ್ಕೆ ಎರಡು ವಾರಗಳ ಹಿಂದೆ, ಜುಲೈ 26ರಂದು, ಫ್ರೇಜರನ ಹಳೆಯ ಶಿಷ್ಯರಾದ ಶಾಹೂ ಮಹಾರಾಜರು ಕೊಲ್ಲಾಪುರದಲ್ಲಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಶೇಕಡಾ 50ರಷ್ಟು ಮೀಸಲಾತಿಯ ಆದೇಶ ಹೊರಡಿಸಿದ್ದರು. ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ ಅದೇ ದಾರಿಯಲ್ಲಿ ನಡೆದರು. ಇಬ್ಬರಿಗೂ ಒಬ್ಬನೇ ಗುರು ಇದ್ದನೆಂಬುದು ನಿಜ. ಅವರ ಸಾಮಾಜಿಕ ಧೋರಣೆಯ ಶ್ರೇಯಸ್ಸನ್ನೆಲ್ಲ ಆ ಗುರುವಿಗೆ ಸಲ್ಲಿಸುವುದು ಮಾತ್ರ ಸರಿಯಲ್ಲ. ಪ್ರಜೆಗಳ ಒತ್ತಾಯವೂ ಆ ಅರಸರ ಸ್ವಂತ ಅನುಭವವೂ ಅದರ ಹಿಂದಿದ್ದವು. ಫ್ರೇಜರನು ಮುಂದೆ ಮೈಸೂರಿನಲ್ಲಿಯೂ ಹೈದರಾಬಾದಿನಲ್ಲಿಯೂ ರೆಸಿಡೆಂಟನಾಗಿದ್ದನು.

ನಾಲ್ವಡಿಯವರ ತಮ್ಮ ಕಂಠೀರವ ನರಸಿಂಹರಾಜ ಒಡೆಯರು 1903ರಲ್ಲಿ ಅಜ್ಮೀರದ ಮೇಯೊ ಕಾಲೇಜಿಗೆ ಸೇರಿದರು, ಅನಾರೋಗ್ಯದ ಕಾರಣ ಹಿಂದಿರುಗಿದರು. ಅವರ ಮಗ ಜಯಚಾಮರಾಜ ಒಡೆಯರು ಅರಮನೆಯ ಶಾಲೆಯ ಮಿತಿಯನ್ನೂ ದಾಟಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇತರ ವಿದ್ಯಾರ್ಥಿಗಳಂತೆಯೇ ಓದಿ 1938ರಲ್ಲಿ ಪದಕಗಳೊಡನೆ ಪದವಿ ಪಡೆದರು.

ಚಾಮರಾಜೇಂದ್ರ ಅರಸು ಬೋರ್ಡಿಂಗ್ ಶಾಲೆ

ಅರಸು ಸಮುದಾಯದ ಮಕ್ಕಳೆಲ್ಲರೂ ಅರಮನೆಯಲ್ಲಿ ಇರುತ್ತಿರಲಿಲ್ಲ. ಹಳ್ಳಿಗಳಲ್ಲಿ ಬೇಸಾಯ ಮಾಡಿಕೊಂಡಿದ್ದ ಸಾಧಾರಣ ಸ್ಥಿತಿಯ ಕುಟುಂಬಗಳೇ ಹೆಚ್ಚು. ಅಂತಹ ಮನೆಗಳ ಹುಡುಗರನ್ನು ಮೈಸೂರಿಗೆ ಕರೆತಂದು, ಊಟ ವಸತಿಯೊಡನೆ ಓದಿಸಿ, ಮುಂದೆ ಹೊಣೆಯ ಸ್ಥಾನಗಳಿಗೆ ತಕ್ಕವರನ್ನಾಗಿ ಮಾಡುವುದು ಚಾಮರಾಜೇಂದ್ರ ಅರಸು ಬೋರ್ಡಿಂಗ್ ಶಾಲೆಯ ಉದ್ದೇಶವಾಗಿತ್ತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಡಿ. ದೇವರಾಜ ಅರಸು ಈ ಶಾಲೆಯ ವಿದ್ಯಾರ್ಥಿ.

1972ರಲ್ಲಿ ಮುಖ್ಯಮಂತ್ರಿಯಾದ ಅವರ ಕಾಲದಲ್ಲಿಯೇ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು (1973ರ ನವೆಂಬರ್ 1). 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿದಾರನಿಗೆ ತಾನು ಉಳುವ ಭೂಮಿಯ ಹಕ್ಕನ್ನು ಕೊಟ್ಟಿತು, ಹಾವನೂರು ಆಯೋಗವು ಹಿಂದುಳಿದ ವರ್ಗಗಳ ಪಟ್ಟಿಯನ್ನು ಸಿದ್ಧಪಡಿಸಿತು. ಒಂದು ಸಮುದಾಯದ ಹುಡುಗರನ್ನು ಅಧಿಕಾರಕ್ಕೆ ಅಣಿಗೊಳಿಸಲು ಹುಟ್ಟಿದ ಶಾಲೆಯ ವಿದ್ಯಾರ್ಥಿಯು ಅಧಿಕಾರವನ್ನು ಅದರಿಂದ ಹೊರಗಿದ್ದವರಿಗೆ ಹಂಚಲು ಹೊರಟದ್ದು ಆ ಶಾಲೆಯ ಚರಿತ್ರೆಯ ಗಮನಾರ್ಹ ಅಂಶ.

ಹೆಣ್ಣುಮಕ್ಕಳ ಶಿಕ್ಷಣ

ರಾಯಲ್ ಸ್ಕೂಲ್ ಗಂಡುಮಕ್ಕಳದು. 1881ರಲ್ಲಿ ಮೈಸೂರಿನಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದಲೂ ಅರಮನೆಯ ಪ್ರೋತ್ಸಾಹದಿಂದಲೂ ತೆರೆದ ಮಹಾರಾಣಿ ಬಾಲಿಕಾ ಪಾಠಶಾಲೆಯು ಊರಿನ ಹೆಣ್ಣುಮಕ್ಕಳಿಗೆ ಬಾಗಿಲಾಯಿತು, ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಅರಸು ಮನೆತನಗಳ ಹೆಣ್ಣುಮಕ್ಕಳು ಬಹುಕಾಲ ಮನೆಯಲ್ಲಿಯೇ ಕಲಿತರು. ಇಷ್ಟಾಗಿಯೂ ಮೈಸೂರಿನ ಅತ್ಯಂತ ಸೂಕ್ಷ್ಮ ಕಾಲದಲ್ಲಿ ಏಳು ವರ್ಷ ರಾಜ್ಯವನ್ನು ನಡೆಸಿದವರು ರಾಜಕುಮಾರರ ಆ ಶಾಲೆಯ ಮೆಟ್ಟಿಲು ಹತ್ತಿರದ ಕೆಂಪನಂಜಮ್ಮಣ್ಣಿಯವರು.

ಹೈದರಾಬಾದ್ ಸಂಸ್ಥಾನದಲ್ಲಿ

ಗುರುಗುಂಟಾ, ಸುರಪುರ, ಲಿಂಗಸುಗೂರು ಸೀಮೆಗಳ ಮಟ್ಟಿಗೆ ಉನ್ನತ ಶಿಕ್ಷಣದ ಊರು ಮೈಸೂರಲ್ಲ, ಹೈದರಾಬಾದು. 1869ರಲ್ಲಿ ಮೂರು ವರ್ಷವೂ ತುಂಬದೆ ಪಟ್ಟಕ್ಕೆ ಬಂದ ಆರನೆಯ ನಿಜಾಮ್ ಮಹಬೂಬ್ ಅಲಿ ಖಾನ್ ಆ ವಂಶದಲ್ಲಿ ಪಾಶ್ಚಾತ್ಯ ಶಿಕ್ಷಣ ಪಡೆದ ಮೊದಲಿಗನು. ಕ್ಯಾಪ್ಟನ್ ಜಾನ್ ಕ್ಲಾರ್ಕ್ ಅವನ ಇಂಗ್ಲಿಷ್ ಗುರು. ಪ್ರಧಾನಿ ಸಾಲಾರ್ ಜಂಗ್ ಉಮರಾವುಗಳ ಮಕ್ಕಳಿಗಾಗಿ ಮದರಸಾ-ಎ-ಆಲಿಯಾ ಎಂಬ ಶಾಲೆಯನ್ನು ಸ್ಥಾಪಿಸಿದನು.

1923ರಲ್ಲಿ ಹೈದರಾಬಾದಿನಲ್ಲಿ ಜಾಗೀರ್ದಾರ್ ಕಾಲೇಜು ಸ್ಥಾಪನೆಯಾಯಿತು. ಹೆಸರೇ ಹೇಳುವಂತೆ ಇದು ಜಾಗೀರುದಾರರ ಮತ್ತು ನವಾಬರ ಗಂಡುಮಕ್ಕಳಿಗೆ ಮೀಸಲು. ಇಂಗ್ಲೆಂಡಿನ ಈಟನ್ ಶಾಲೆ ಅದಕ್ಕೆ ಮಾದರಿ. ಬೇಗಂಪೇಟೆಯ ವಿಶಾಲವಾದ ಆವರಣದಲ್ಲಿ ಭವ್ಯ ಕಟ್ಟಡ ಎದ್ದಿತು. ಅದೇ ಕಾಲದಲ್ಲಿ ರಾಯಚೂರು ಕಡೆಯ ಹಳ್ಳಿಗಳ ರೈತರ ಮಕ್ಕಳಿಗೆ ಕನ್ನಡ ಶಾಲೆ ಅಪರೂಪ, ಆಡಳಿತದ ಭಾಷೆಯಾದ ಉರ್ದುವಿನಲ್ಲಿಯೇ ಮೇಲಿನ ಓದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು, ಮರುವರ್ಷ ಜಾಗೀರುಗಳು ರದ್ದಾದವು. ಜಾಗೀರುದಾರರೇ ಇಲ್ಲದ ಮೇಲೆ ಅವರ ಕಾಲೇಜು ಉಳಿಯುವಂತಿರಲಿಲ್ಲ. ಅದು ಹೈದರಾಬಾದ್ ಪಬ್ಲಿಕ್ ಸ್ಕೂಲ್ ಎಂಬ ಹೊಸ ಹೆಸರಿನಲ್ಲಿ ಎಲ್ಲರಿಗೂ ತೆರೆಯಿತು. ಎಲ್ಲರಿಗೂ ಎಂದರೆ ಶುಲ್ಕ ಕೊಡಬಲ್ಲ ಎಲ್ಲರಿಗೂ ಎಂದು ತಿಳಿಯಬೇಕು. ಮೈಕ್ರೋಸಾಫ್ಟ್ ಸಂಸ್ಥೆಯ ಮುಖ್ಯಸ್ಥ ಸತ್ಯ ನಾದೆಲ್ಲ, ಕ್ರಿಕೆಟ್ ವೀಕ್ಷಕ ವಿವರಣೆಗಾರ ಹರ್ಷ ಭೋಗ್ಲೆ ಇಲ್ಲಿ ಓದಿದವರು.

ಲಂಡನ್ನಿನ ಶಾಲೆಗಳೊಂದಿಗೆ ಹೋಲಿಕೆ

ಇಂಗ್ಲೆಂಡಿನಲ್ಲಿ 'ಪ್ರಿಪರೇಟರಿ ಶಾಲೆ' ಎಂದರೆ ಈಟನ್‌ನಂತಹ ದೊಡ್ಡ ಖಾಸಗಿ ಶಾಲೆಗಳ ಪ್ರವೇಶಕ್ಕಾಗಿ ಮಕ್ಕಳನ್ನು ಹದಿಮೂರರ ವಯಸ್ಸಿನವರೆಗೆ ತಯಾರು ಮಾಡುವ, ಶುಲ್ಕ ಪಡೆಯುವ ಖಾಸಗಿ ಶಾಲೆ. ರಾಣಿ ಎರಡನೆಯ ಎಲಿಜಬೆತ್ ಯಾವ ಶಾಲೆಗೂ ಹೋದವರಲ್ಲ. ಮೇರಿಯನ್ ಕ್ರಾಫರ್ಡ್ ಎಂಬ ಶಿಕ್ಷಕಿ ಅರಮನೆಯಲ್ಲಿಯೇ ಅವರಿಗೆ ಪಾಠ ಹೇಳಿದಳು. ಅವರ ಮಗ ಚಾರ್ಲ್ಸ್ 1956ರ ನವೆಂಬರ್ 7ರಂದು ಲಂಡನ್ನಿನ ನೈಟ್ಸ್‌ಬ್ರಿಡ್ಜ್ ಪ್ರದೇಶದ ಹಿಲ್ ಹೌಸ್ ಶಾಲೆಗೆ ಸೇರಿದಾಗ, ಸಿಂಹಾಸನದ ನೇರ ಉತ್ತರಾಧಿಕಾರಿಯೊಬ್ಬನು ಮನೆಪಾಠವನ್ನು ಬಿಟ್ಟು ಶಾಲೆಗೆ ಹೋದ ಮೊದಲ ನಿದರ್ಶನವೆಂದು ಅದು ದೊಡ್ಡ ಸುದ್ದಿಯಾಯಿತು. ಅದಕ್ಕೆ ಆರೇ ದಿನ ಮೊದಲು, ನವೆಂಬರ್ 1ರಂದು, ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರಿಗೆ ಸೇರಿತ್ತು.

ಚಾರ್ಲ್ಸ್ ಅವರ ಮಕ್ಕಳಾದ ವಿಲಿಯಂ ಮತ್ತು ಹ್ಯಾರಿ 1980ರ ದಶಕದಲ್ಲಿ ನಾಟಿಂಗ್ ಹಿಲ್ ಭಾಗದ ವೆದರ್ಬಿ ಶಾಲೆಯಲ್ಲಿ ಓದಿ, ಲಡ್‌ಗ್ರೋವ್ ಮೂಲಕ ಈಟನ್ ಸೇರಿದರು. ವಿಲಿಯಂ ಅವರ ಮಗ ಜಾರ್ಜ್ 2017ರಲ್ಲಿ ದಕ್ಷಿಣ ಲಂಡನ್ನಿನ ಥಾಮಸಸ್ ಬ್ಯಾಟರ್ಸೀ ಶಾಲೆಗೂ 2022ರಲ್ಲಿ ಬರ್ಕ್‌ಷೈರಿನ ಲ್ಯಾಂಬ್ರುಕ್ ಶಾಲೆಗೂ ಸೇರಿದರು. ಎರಡು ಪದ್ಧತಿಗಳಲ್ಲಿ ಒಂದು ವ್ಯತ್ಯಾಸ ಸ್ಪಷ್ಟ. ಮೈಸೂರಿನಲ್ಲಿ ಶಾಲೆಯನ್ನು ರಾಜಕುಮಾರನಿಗಾಗಿ ಕಟ್ಟಿ ಸಹಪಾಠಿಗಳನ್ನು ಆರಿಸಿ ತಂದರು. ಲಂಡನ್ನಿನಲ್ಲಿ ಶಾಲೆ ಮೊದಲೇ ಇತ್ತು, ರಾಜಕುಮಾರನು ಅಲ್ಲಿಗೆ ಹೋದನು. ಅಲ್ಲಿಯ ಸಹಪಾಠಿಗಳನ್ನು ಆರಿಸಿದ್ದು ಪೋಷಕರ ಹಣದ ಚೀಲ.

ಸ್ವಾತಂತ್ರ್ಯಾನಂತರ

ಸಂಸ್ಥಾನಗಳು ವಿಲೀನವಾಗಿ, 1971ರ ಸಂವಿಧಾನ ತಿದ್ದುಪಡಿಯಿಂದ ರಾಜಧನವೂ ರದ್ದಾದ ಮೇಲೆ ಅರಸುಮಕ್ಕಳಿಗೆಂದೇ ಪ್ರತ್ಯೇಕ ಶಾಲೆಯ ಅಗತ್ಯ ಉಳಿಯಲಿಲ್ಲ. ರಾಜಕೋಟೆ, ಅಜ್ಮೀರಗಳ ಕಾಲೇಜುಗಳು ಶುಲ್ಕ ಪಡೆಯುವ ಖಾಸಗಿ ಶಾಲೆಗಳಾಗಿ ಮುಂದುವರಿದಿವೆ. 2015ರಲ್ಲಿ ಮೈಸೂರು ರಾಜವಂಶಕ್ಕೆ ದತ್ತು ಬಂದು, 2024ರಲ್ಲಿ ಲೋಕಸಭೆಗೆ ಆಯ್ಕೆಯಾದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರು ಓದಿದ್ದು ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ, ಅನಂತರ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ. ಲೋಕರಂಜನ ಮಹಲಿನ ಕಟ್ಟಡವು ಮೈಸೂರಿನ ಮೃಗಾಲಯದ ಸಮೀಪದಲ್ಲಿದೆ.